ಹುಲಿಮರಿಗೆ ಉತ್ತರ ಕೊಡಬೇಡಿ

ಮದರಾಸಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ. ಬಾಯಿ ಬಿಟ್ಟರೆ ಬರುವುದು ತಮಿಳು. ಓದು ಬರಹದ ಮಾತು ಎತ್ತಲೇಬೇಡಿ. ರೈಲ್ವೆಯವರ ಮನೆಯಲ್ಲೂ ಇದೇ ಕಥೆ, ಬ್ಯಾಂಕಿನವರ ಮನೆಯಲ್ಲೂ ಇದೇ ಕಥೆ. ಅಪ್ಪ ಅಮ್ಮಂದಿರು ಕೊರಗುತ್ತಾರೆ. ಕೊರಗಿ ಕಾಫಿ ಕುಡಿದು ಟಿವಿ ನೋಡುತ್ತಾರೆ.

ಮದರಾಸಿನ ಅಂಚಿನ ಪಲ್ಲಾವರಂನಲ್ಲಿ ಕೆಲವರು ಮಾತ್ರ ಕೊರಗುವುದನ್ನು ಬಿಟ್ಟು ಕೆಲಸಕ್ಕೆ ಇಳಿದರು. 2005ನೇ ಇಸವಿಯ ಮಾತು. ಇಂಟರ್ನೆಟ್ಟಿನಲ್ಲಿ ‘ಚೆನ್ನೈ ಕನ್ನಡ ಬಳಗ’ ಎಂಬ ಗುಂಪಿತ್ತು. ಒಬ್ಬರು ಬರೆದ ಮೇಲ್ ಗುಂಪಿನವರಿಗೆಲ್ಲ ಹೋಗುತ್ತಿತ್ತು. ಯಾರ ಮನೆ ಬಾಡಿಗೆಗಿದೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಊರಿಂದ ಬರುವವರು ರಾಗಿ ಹಿಟ್ಟು ತರುತ್ತಾರೆಯೇ, ಇಂಥ ಮಾತು. ಹೀಗೆ ಮಾತಾಡುತ್ತಲೇ ಭಾನುವಾರದ ಕನ್ನಡ ಪಾಠ ಹುಟ್ಟಿತು.

ಪಾಠಕ್ಕೆ ಜಾಗ ಕೊಟ್ಟವರು ಶಂಕರನಾರಾಯಣ. ಅವರು ತಮಿಳರು, ನಿವೃತ್ತರು. ಕನ್ನಡದ ಒಂದಕ್ಷರ ಬಾರದು. ಆದರೂ ತಮ್ಮ ಮನೆಯ ಮಹಡಿಯ ಹಾಲನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಮಕ್ಕಳು ಬರುವ ಮೊದಲೇ ಕಸ ಗುಡಿಸಿ, ಫ್ಯಾನು ಹಾಕಿ, ಮೂಲೆಯಲ್ಲಿ ಮಣ್ಣಿನ ಮಡಕೆ ತುಂಬಿಸಿ ಇಡುತ್ತಿದ್ದರು. ಪಾಠ ಹೇಳುತ್ತಿದ್ದವರು ಶ್ರೀವಿದ್ಯಾ. ಟಿ. ನಗರದ ಬ್ಯಾಂಕೊಂದರಲ್ಲಿ ಅಧಿಕಾರಿ. ಇಂಟರ್ನೆಟ್ಟಿನ ಗುಂಪನ್ನು ನೋಡಿಕೊಳ್ಳುತ್ತಿದ್ದವರೂ ಅವರೇ.

ಆ ಪಾಠಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಭಾವನಾ ಒಬ್ಬಳು. ಎಂಟನೇ ಕ್ಲಾಸು. ಅವಳಪ್ಪ ಗಂಗಾಧರ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ. ಒಳ್ಳೆಯ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಟೀ ತಣ್ಣಗಿದ್ದರೂ ಜಗಳ, ಬಿಸಿಯಿದ್ದರೂ ಜಗಳ.

ಭಾವನಾ ಮೊದಲ ಸಲ ಕನ್ನಡದಲ್ಲಿ ಒಂದು ಪುಟ ಬರೆದಳು, ಪಲ್ಲಾವರಂನ ಶುಕ್ರವಾರದ ಸಂತೆಯ ಬಗ್ಗೆ. ಅಕ್ಷರ ಸೊಟ್ಟಗಿದ್ದವು, ನಡುನಡುವೆ ತಮಿಳು ಮಾತೂ ನುಗ್ಗಿತ್ತು. ಆದರೂ ಪುಟ ತುಂಬಿತ್ತು. ಶ್ರೀವಿದ್ಯಾ ಅದನ್ನು ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಿದರು. ಎಲ್ಲರೂ ಹೊಗಳಿದರು. ಗಂಗಾಧರ ಅದನ್ನು ಪ್ರಿಂಟ್ ತೆಗೆಸಿ ಆಫೀಸಿನಲ್ಲಿ ತಮಿಳರಿಗೂ ತೋರಿಸಿದ.

ಆಗ ಬಂದ ಹುಲಿಮರಿ.

ಹುಲಿಮರಿ ಅವನು ತಾನೇ ಇಟ್ಟುಕೊಂಡ ಹೆಸರು. ‘ಅಪ್ಪಟ ಕನ್ನಡ ಕೂಟ’ ಎಂಬ ಇನ್ನೊಂದು ಗುಂಪಿನವನು. ಬಳಗಕ್ಕೆ ಸೇರಿಕೊಂಡು ಬರೆದ: “ಇದು ಕನ್ನಡವೋ ಸಾಂಬಾರೋ? ಮದರಾಸಿನಲ್ಲಿ ಕೂತು ತಮಿಳರ ಚಾಕರಿ ಮಾಡುವ ನಿಮಗೆ ಕನ್ನಡದ ಹೆಸರಲ್ಲಿ ಗುಂಪು ಯಾಕೆ? ಗಂಡಸರಾದರೆ ಉತ್ತರ ಕೊಡಿ. ಇಲ್ಲವೇ ಗುಂಪು ಮುಚ್ಚಿ ನಮ್ಮ ಕೂಟಕ್ಕೆ ಬಂದು ಕನ್ನಡ ಕಲಿಯಿರಿ.” ಹಿಂದೆಯೇ ಅವನ ಕಡೆಯವರು ಬಂದು ಹೋ ಎಂದು ನಕ್ಕರು.

ಭಾವನಾ ಅದನ್ನು ಓದಿದಳು. ಭಾನುವಾರ ಅಪ್ಪ ಕರೆದರೆ ಹಾಸಿಗೆಯಿಂದ ಏಳಲಿಲ್ಲ.

“ನಾ ವರಲಪ್ಪಾ,” ಎಂದಳು. ಬರುವುದಿಲ್ಲ ಎಂದು ಹೇಳುವುದಕ್ಕೂ ಅವಳಿಗೆ ಕನ್ನಡ ಬೇಡವಾಗಿತ್ತು.

ಗಂಗಾಧರನ ಹೆಂಡತಿ ಜಯಲಕ್ಷ್ಮೀ ಅಡುಗೆಮನೆಯಿಂದಲೇ ಕೂಗಿದಳು. “ನಮ್ ಮಗೂನ ಅಂದಿದಾನೆ ಆ ಮೂದೇವಿ! ನೀವು ಇಲ್ಲಿ ಮಗಳ ಹತ್ರ ಗೋಗರೀತಾ ನಿಂತಿದೀರಲ್ಲ. ಹೋಗ್ರೀ, ಮುಖಕ್ಕೆ ಹೊಡೆದ ಹಾಗೆ ಬರೀರಿ!”

ಇಷ್ಟು ಸಾಕಾಯಿತು. ಅವನು ಚಪ್ಪಲಿ ಮೆಟ್ಟಿಕೊಂಡು ಬ್ರೌಸಿಂಗ್ ಸೆಂಟರಿಗೆ ನಡೆದ. ದಾರಿಯಲ್ಲೇ ಶ್ರೀವಿದ್ಯಾ ಫೋನ್ ಮಾಡಿದರು.

“ಗಂಗಾಧರ್ ಅವ್ರೇ, ಆ ಹುಡುಗನಿಗೆ ಉತ್ತರ ಕೊಡೋಕೆ ಹೋಗ್ಬೇಡಿ. ಇವತ್ತೊಂದಿನ ಸುಮ್ನೆ ಇದ್ದುಬಿಡಿ, ಪ್ಲೀಸ್.”

“ಸುಮ್ನಿದ್ರೆ ಸೋತ ಹಾಗಲ್ವಾ ಮೇಡಂ?”

“ಸೋಲೋಕೆ ಇದೇನು ಕಬಡ್ಡಿನಾ? ಅವನಿಗೆ ಕನ್ನಡಾನೂ ಬೇಡ, ನಿಮ್ಮ ಮಗಳೂ ಬೇಡ. ನಿಮ್ಮ ಕೋಪ ಬೇಕು. ಅದನ್ನ ಯಾಕೆ ಪುಕ್ಕಟೆ ಕೊಡ್ತೀರಿ? ನಾನು ಅವನನ್ನ ಗುಂಪಿಂದ ತೆಗೀತೀನಿ.”

“ನಿಮ್ಗೆ ಮಕ್ಕಳಿಲ್ಲ, ನಿಮ್ಗೆ ಗೊತ್ತಾಗಲ್ಲ ಬಿಡಿ,” ಎಂದು ಫೋನ್ ಇಟ್ಟ. ಹೀಗೆ ಅನ್ನಬಾರದಿತ್ತು. ಅಂದುಬಿಟ್ಟ. ಸಿಟ್ಟಿನವರ ಬಾಯಿಗೆ ಮೊದಲು ಸಿಗುವವರು ತಮ್ಮವರೇ.

ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದ. ತಾನು ಅಪ್ಪಟ ಕನ್ನಡಿಗ ಎಂದು ಸಾಬೀತು ಮಾಡಬೇಕಿತ್ತು. ಅದಕ್ಕೆ ಅವನಿಗೆ ಹೊಳೆದ ದಾರಿ ಒಂದೇ. “ನಾವು ಇಲ್ಲಿ ತಮಿಳರ ನಡುವೆ ಹಲ್ಲು ಕಚ್ಚಿಕೊಂಡು ಬದುಕಿದ್ದೇವೆ. ಒಂದು ಲೋಟ ನೀರು ಕೊಡುವ ಗತಿಯಿಲ್ಲ ಈ ಜನಕ್ಕೆ. ಆದರೂ ಕನ್ನಡ ಉಳಿಸಿದ್ದೇವೆ. ನೀನೇನು ಉಳಿಸಿದ್ದೀಯಲೇ ಹುಲಿಮರಿ?” ಕೆಳಗೆ ತನ್ನ ಹೆಸರು, ಬೀದಿಯ ಹೆಸರು, ಫೋನ್ ನಂಬರು ಎಲ್ಲ ಹಾಕಿದ, ಗಂಡಸು ಎಂದು ತೋರಿಸಲು. ಒತ್ತಿಯೇಬಿಟ್ಟ. ಮೇಲ್ ಗುಂಪಿಗೆಲ್ಲ ಹೋಯಿತು.

ದೂರದಲ್ಲಿರುವ ಯಾರನ್ನೋ ಮೆಚ್ಚಿಸಲು ಪಕ್ಕದಲ್ಲಿರುವವರನ್ನು ಬೈಯುವುದು. ಹೊರನಾಡಿನಲ್ಲಿರುವ ನಾವು ಮಾಡುವ ದಡ್ಡತನವೇ ಇದು. ಮಡಕೆ ತುಂಬಿಸಿಟ್ಟವರ ಮುಖ ಅವನಿಗೆ ಆ ಹೊತ್ತಿನಲ್ಲಿ ನೆನಪಾಗಲೇ ಇಲ್ಲ.

ಹುಲಿಮರಿಗೆ ಇಷ್ಟೇ ಬೇಕಿತ್ತು. ಶ್ರೀವಿದ್ಯಾ ಗುಂಪಿನಿಂದ ತೆಗೆಯುವಷ್ಟರಲ್ಲೇ ಅವನು ನೀರಿನ ಆ ಸಾಲನ್ನು ಎತ್ತಿ, ಇಂಗ್ಲಿಷಿಗೆ ತಿರುಗಿಸಿ, ಪಲ್ಲಾವರಂ ನಿವಾಸಿಗಳ ಗುಂಪಿನಲ್ಲಿ ಹಾಕಿದ. “ನಿಮ್ಮ ಬೀದಿಯ ಕನ್ನಡಿಗ ನಿಮ್ಮ ಬಗ್ಗೆ ಏನು ಬರೆದಿದ್ದಾನೆ ನೋಡಿ.” ಹೆಸರು, ಬೀದಿ, ಎಲ್ಲ ಇತ್ತಲ್ಲ, ಗಂಗಾಧರನೇ ಕೊಟ್ಟಿದ್ದು.

ಮರುದಿನ ಸಂಜೆ ಶಂಕರನಾರಾಯಣರಿಂದ ಕರೆ ಬಂತು. ಹೋಗಿ ನೋಡಿದರೆ ಅವರ ಎದುರು ಮನೆಯ ಬಾಬು ಆ ಸಾಲಿನ ಪ್ರಿಂಟ್ ತೆಗೆಸಿದ ಕಾಗದ ಹಿಡಿದು ಜಗಲಿಯಲ್ಲಿ ಕೂತಿದ್ದ. ಬೀದಿಯ ಇನ್ನೂ ಕೆಲವರು ನಿಂತಿದ್ದರು. ಗಂಗಾಧರ ಗೇಟಿನಲ್ಲೇ ನಿಂತ.

“ಉಕ್ಕಾರುಂಗ ಸಾರ್,” ಎಂದು ಕುರ್ಚಿ ತೋರಿಸಿದರು ಶಂಕರನಾರಾಯಣ. ಅವನು ಕೂತ. ಅವರು ತಾವೂ ಎದುರಿಗೆ ಕೂತು ಕೇಳಿದರು.

“ನಾನ್ ಉಂಗಳುಕ್ಕು ತಣ್ಣಿ ಕುಡುಕ್ಕಲಿಯಾ, ಸಾರ್?”

ನಾನು ನಿಮಗೆ ನೀರು ಕೊಡಲಿಲ್ಲವೇ. ಇಷ್ಟೇ ಕೇಳಿದ್ದು. ಕೂಗಾಡಿದ್ದರೆ ಗಂಗಾಧರ ತಿರುಗಿ ಕೂಗಾಡುತ್ತಿದ್ದ. ಈಗ ಅವನಿಗೆ ಮಹಡಿಯ ಮಡಕೆ ನೆನಪಾಯಿತು.

ಬಾಬು ಮಾತ್ರ ಬಿಡಲಿಲ್ಲ. ಮಹಡಿಯ ಹಾಲನ್ನು ಇವರಿಗೆ ಪಾಠಕ್ಕೆ ಕೊಡಕೂಡದು ಎಂದ. ಕೊನೆಗೆ ಶಂಕರನಾರಾಯಣರೇ ಹೇಳಿದರು. ನಾನೂ ಈ ಬೀದಿಯಲ್ಲೇ ಬಾಳಬೇಕು. ಇದು ಇಲ್ಲಿಗೇ ನಿಂತರೆ ಇವರಿಗೆಲ್ಲ ನಾನು ಸಮಾಧಾನ ಹೇಳುತ್ತೇನೆ. ಇನ್ನೊಂದು ಮಾತು ಬೆಳೆದರೆ ಭಾನುವಾರದಿಂದ ಹಾಲಿಗೆ ಬೀಗ.

ಗಂಗಾಧರ ಎದ್ದು, ಬಾಬುವಿನ ಮುಂದೆಯೇ, ಎಲ್ಲರಿಗೂ ಕೇಳುವಂತೆ ತಪ್ಪಾಯಿತು ಎಂದ. ತಮಿಳಿನಲ್ಲೇ ಅಂದ. ಮುಖ ಕೆಂಪಾಗಿತ್ತು, ಆದರೂ ಅಂದ.

ಮನೆಗೆ ಬಂದು ಶ್ರೀವಿದ್ಯಾಗೆ ಫೋನ್ ಮಾಡಿದ. “ಮೇಡಂ, ನಿನ್ನೆ ನಿಮ್ಗೆ ಏನೇನೋ ಅಂದುಬಿಟ್ಟೆ...”

“ಅದು ಇರ್ಲಿ, ಆಮೇಲೆ ಅಳೋಣ. ಈಗ ಕೇಳಿ. ಗುಂಪಿಗೆ ಒಂದೇ ಒಂದು ಮೇಲ್ ಹಾಕಿ. ನಾನು ಬರೆದದ್ದು ಸುಳ್ಳು, ನಮ್ಮ ಪಾಠಕ್ಕೆ ಜಾಗ ಕೊಟ್ಟವರೇ ತಮಿಳರು, ಕ್ಷಮಿಸಿ ಅಂತ. ‘ಆದರೆ ಅವನು ಮೊದಲು’ ಅಂತ ಬಾಲ ಸೇರಿಸ್ಬೇಡಿ. ಹುಲಿಮರಿ ಹೆಸರೇ ಬೇಡ. ಅವನು ಬರೆದದ್ದನ್ನೆಲ್ಲ ನಾನು ತೆಗೆದಿಟ್ಟು ಆ ಸೈಟಿನವರಿಗೆ ದೂರು ಕೊಟ್ಟಿದೀನಿ. ನಿವಾಸಿಗಳ ಗುಂಪು ನೋಡಿಕೊಳ್ಳೋರಿಗೂ ನಿಜ ಸಂಗತಿ ಬರೆದಿದೀನಿ. ನಿಮ್ಮ ಕೆಲಸ ಸುಮ್ನಿರೋದು.”

“ಅದೊಂದೇ ನನ್ ಕೈಲಿ ಆಗಲ್ಲ ಮೇಡಂ.”

“ಗೊತ್ತು. ಅದಕ್ಕೇ ಹೇಳ್ತಿರೋದು.”

ಕ್ಷಮೆಯ ಮೇಲ್ ಹೋಯಿತು. ಆ ವಾರ ಗಂಗಾಧರನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಊಟದ ನಡುವೆ ಎದ್ದುಬಿಡುತ್ತಿದ್ದ. ಫೋನ್ ಬಡಿದರೆ ಬೆಚ್ಚುತ್ತಿದ್ದ. ಯಾರು ಯಾರೋ ಫೋನ್ ಮಾಡಿ ಬೈದು ಇಡುತ್ತಿದ್ದರು. ನೋಡಬೇಡಿ ಎಂದು ಶ್ರೀವಿದ್ಯಾ ಹೇಳಿದ್ದರೂ ದಿನಾ ಸಂಜೆ ಬ್ರೌಸಿಂಗ್ ಸೆಂಟರಿಗೆ ಹೋಗಿ ಆ ಕೂಟದ ಪುಟ ತೆರೆಯುತ್ತಿದ್ದ. ಹುಣ್ಣನ್ನು ಕೆರೆದ ಹಾಗೆ.

ಶುಕ್ರವಾರ ಅಲ್ಲಿ ಹುಲಿಮರಿ ಬರೆದಿದ್ದ: “ಪಲ್ಲಾವರಂ ಗಂಡು ಕಾಲಿಗೆ ಬಿದ್ದನಂತೆ! ಮಗಳಿಗೆ ಇನ್ನು ತಮಿಳನ್ನೇ ಕಲಿಸುತ್ತಾನಂತೆ!”

ಗಂಗಾಧರನ ಕಿವಿ ಗುಂಯ್ ಎಂದಿತು. ಬಳಗದ ಪುಟ ತೆರೆದು ಕುಟ್ಟಲು ಶುರು ಮಾಡಿದ. ಹುಲಿಮರಿಯ ತಾಯಿಯನ್ನೂ ಬಿಡಲಿಲ್ಲ. ಪುಟ ತುಂಬಿದ ಮೇಲೆ ನೋಡಿದರೆ ಬೆನ್ನ ಹಿಂದೆ ಜಯಲಕ್ಷ್ಮೀ ನಿಂತಿದ್ದಳು. ತರಕಾರಿಗೆಂದು ಹೊರಟವಳು, ಬಾಗಿಲಲ್ಲಿ ಅವನ ಚಪ್ಪಲಿ ನೋಡಿ ಒಳಗೆ ಬಂದಿದ್ದಳು.

“ಏನ್ರೀ ಬರೀತಿದೀರಿ?”

“ನೀನೇ ಅಲ್ವೇನೇ ಮುಖಕ್ಕೆ ಹೊಡೆದ ಹಾಗೆ ಬರೀರಿ ಅಂದಿದ್ದು?”

“ಅಂದಿದ್ದೆ. ನಂಗೂ ಬುದ್ಧಿ ಇರ್ಲಿಲ್ಲ. ಈಗ ಜೋರಾಗಿ ಓದಿ, ಕೇಳ್ತೀನಿ.”

“ಇಲ್ಲೇನಾ? ಇಷ್ಟು ಜನರ ಮುಂದೆ?”

“ಇಷ್ಟು ಜನರ ಮುಂದೆ ಓದೋಕೆ ಆಗ್ದೆ ಇರೋದನ್ನ ಊರಿಗೆಲ್ಲ ಕಳಿಸ್ತೀರಾ? ಸರಿ, ನನ್ ಕಿವೀಲಿ ಹೇಳಿ.”

ಅವನು ಮೊದಲ ಸಾಲು ಪಿಸುಗುಟ್ಟಿದ. ಎರಡನೆಯ ಸಾಲಿಗೆ ಬಂದು ನಿಂತ. ಹೆಂಡತಿಯ ಕಿವಿಯಲ್ಲಿ ಆಡಲಾಗದ ಮಾತು ಅದು.

“ಭಾನುವಾರ ಶಂಕರನಾರಾಯಣ ಅವ್ರು ಇದ್ರದೂ ಒಂದು ಕಾಗದ ಹಿಡ್ಕೊಂಡು ಕೂತಿರ್ತಾರೆ. ನಾನು ಆ ಕುರ್ಚೀಲಿ ಬಂದು ಕೂರಲ್ಲಪ್ಪ. ನೀವೇ ಕೂತ್ಕೊಳ್ಳಿ,” ಎಂದಳು ಜಯಲಕ್ಷ್ಮೀ.

ಗಂಗಾಧರ ಪರದೆಯನ್ನೇ ದುರುಗುಟ್ಟಿ ನೋಡಿದ. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಕೊನೆಗೆ ಎಲ್ಲವನ್ನೂ ಅಳಿಸಿದ. ಅಳಿಸುವಾಗಲೂ ಹುಲಿಮರಿಯನ್ನು ಬೈಯುತ್ತಲೇ ಇದ್ದ. ಬಾಯಲ್ಲಿ ಬೈದರೆ ಪರವಾಗಿಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ.

“ಬನ್ನಿ, ಚೀಲ ಹಿಡ್ಕೊಳ್ಳಿ,” ಎಂದಳು ಅವಳು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮಗಳನ್ನು ಎಬ್ಬಿಸಿದರು. ಅವಳು ಹುಬ್ಬು ಗಂಟಿಕ್ಕಿದಳು.

“ಅಪ್ಪಾ, ಮತ್ತೆ ಏನಾದ್ರೂ ಬರೆದ್ಯಾ ನೀನು?”

“ಇಲ್ಲಮ್ಮ.”

“ಪ್ರಾಮಿಸ್?”

“ಪ್ರಾಮಿಸ್. ನಿಮ್ಮಮ್ಮನ್ನ ಕೇಳು.”

“ಹಾಗಾದ್ರೆ ಬರ್ತೀನಿ. ಆ ಹುಲಿಮರಿಯನ್ನೂ ಕ್ಲಾಸಿಗೆ ಕರೀರಿ. ನಾನು ಒಂದು ಪೇಜ್ ಬರ್ದಿದೀನಿ, ಅವನೂ ಒಂದು ಪೇಜ್ ಬರೀಲಿ.”

ಹಾಲಿನ ಬಾಗಿಲು ತೆರೆದಿತ್ತು. ಶಂಕರನಾರಾಯಣ ವಾರವೆಲ್ಲ ಬೀದಿಯವರ ಜೊತೆ ಮಾತಾಡಿದ್ದರು. ಕ್ಷಮೆಯ ಮೇಲ್ ಹೋದ ನಂತರ ಬಳಗದಿಂದ ಒಂದೇ ಒಂದು ಮಾತು ಹೊರಗೆ ಬಾರದ್ದರಿಂದ ಬಾಬುವಿಗೂ ತೋರಿಸಲು ಹೊಸ ಕಾಗದ ಸಿಗಲಿಲ್ಲ. ಉತ್ತರ ಸಿಗದ ಹುಲಿಮರಿ ಇನ್ನೊಂದು ಗುಂಪನ್ನು ಹುಡುಕಿಕೊಂಡು ಹೋಗಿದ್ದ.

ಎಲ್ಲವೂ ಮೊದಲಿನಂತಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಮನೆಯವರು ಹೆದರಿ ಮಕ್ಕಳನ್ನು ಕಳಿಸುವುದನ್ನೇ ಬಿಟ್ಟರು. ಬಾಬು ಇವತ್ತಿಗೂ ಗಂಗಾಧರನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅದು ಆ ಒಂದು ಸಾಲಿನ ಬೆಲೆ. ಆದರೆ ಪಾಠ ಉಳಿಯಿತು, ಭಾವನಾ ಮತ್ತೆ ಕೂತು ಬರೆದಳು.

ಓದುತ್ತಿರುವ ಅಣ್ಣ ಅಕ್ಕಂದಿರೇ, ನೀವೂ ಇಂಥ ಒಂದು ಗುಂಪಿನಲ್ಲಿದ್ದೀರಿ. ಇವತ್ತಲ್ಲ ನಾಳೆ ನಿಮ್ಮ ಬಾಗಿಲಿಗೂ ಒಬ್ಬ ಹುಲಿಮರಿ ಬರುತ್ತಾನೆ. ಗಂಡಸಾದರೆ ಉತ್ತರ ಕೊಡು ಎನ್ನುತ್ತಾನೆ. ಕೊಡಬೇಡಿ. ಗುಂಪನ್ನು ನೋಡಿಕೊಳ್ಳುವವರಿಗೆ ತಿಳಿಸಿ, ಅವನು ಬರೆದದ್ದನ್ನು ತೆಗೆದಿಡಿ, ದೂರು ಕೊಡಿ. ಸಿಟ್ಟಿನಲ್ಲಿ ವಿಳಾಸ, ಫೋನ್ ನಂಬರು ಹಾಕಬೇಡಿ. ತಪ್ಪು ನಿಮ್ಮದಾದರೆ ಒಂದು ಸಲ ನೇರವಾಗಿ ಒಪ್ಪಿಕೊಳ್ಳಿ, ಅಲ್ಲಿಗೆ ಬಿಡಿ. ಬರೆಯಲೇಬೇಕು ಎನಿಸಿದರೆ ಬರೆದದ್ದನ್ನು ಮನೆಯವರ ಮುಂದೆ ಜೋರಾಗಿ ಓದಿ, ನಾಲಿಗೆ ತಡವರಿಸಿದರೆ ಅಳಿಸಿಬಿಡಿ.

ಸುಮ್ಮನಿರುವುದು ಹೇಡಿತನ ಎನ್ನುವವನು ಒಂದು ವಾರ ಸುಮ್ಮನಿದ್ದು ನೋಡಲಿ, ಆಮೇಲೆ ಮಾತಾಡಲಿ. ಕೈ ತುರಿಸಿದರೆ ಎದ್ದು ಬೀದಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ದಾರಿಯಲ್ಲಿ ಎದುರಾಗುವವರಿಗೆ ನಮಸ್ಕಾರ ಹೇಳಿ. ನಾಳೆ ನಿಮ್ಮ ಜೊತೆ ಬಾಳಬೇಕಾದವರು ಅವರು.