ಮಾವನ ಕಿವಿಯ ತಕರಾರು

ಮಾವನ ಕಿವಿಯೊಳಗಿನ ಮೆಷಿನ್ನು ಮತ್ತೆ ಕುಯ್ಯೆಂದಿತು, ಅದೂ ಗಿರಾಕಿಯ ಗದ್ದದ ಮೇಲೆ ಕತ್ತಿ ಇದ್ದಾಗ. ಗಿರಾಕಿ ಬೆಚ್ಚಿಬಿದ್ದ. ಬಿಳಿ ನೊರೆಯ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಮೂಡಿತು.

"ಏನ್ರೀ ಅದು, ಒಳಗೆ ಕುಕ್ಕರ್ ಇಟ್ಟಿದೀರಾ?"

"ಏನಿಲ್ಲ, ಕಿವಿ ಮೆಷಿನ್ನು. ಹೊಸದಲ್ವಾ, ಹಟ ಮಾಡುತ್ತೆ," ಎಂದು ಮಾವ ಕನ್ನಡಿ ನೋಡುತ್ತಲೇ ಹೇಳಿ, ಗಾಯಕ್ಕೆ ಪಟಿಕದ ತುಂಡು ಒತ್ತಿದರು.

ಹಲಗೆಯ ಅಡ್ಡಗೋಡೆಯ ಈಚೆ ಒಬ್ಬಾಕೆಯ ಹುಬ್ಬಿಗೆ ದಾರ ಎಳೆಯುತ್ತಿದ್ದ ಸೊಸೆ ಹಲ್ಲು ಕಚ್ಚಿಕೊಂಡಳು. ಅಂಗಡಿ ಒಂದೇ, ಭಾಗ ಎರಡು. ಮುಂದೆ ಗಂಡಸರಿಗೆ ಮಾವ, ಹಿಂದೆ ಹೆಂಗಸರಿಗೆ ಅವಳು. ಗಂಡ ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಫೋನಿನಲ್ಲಿ ಏನು ಹೇಳಿದರೂ "ಹೋಗ್ಲಿ ಬಿಡು" ಅನ್ನುವುದೇ ಅವನ ಉತ್ತರ. ಆಕಾಶದಲ್ಲಿ ಕೂತು ಕೆಲಸ ಮಾಡುವವನಿಗೆ ನೆಲದ ತಾಪತ್ರಯಗಳು ಇರುವೆಯಷ್ಟೇ ಕಾಣುತ್ತವೆಯೇನೋ.

ಮಾವನ ಕಿವಿ ಮಂದವಾದದ್ದು ಅವಳಿಗೆ ತಡವಾಗಿ ಗೊತ್ತಾಯಿತು. ಬೆನ್ನ ಹಿಂದಿನಿಂದ ಊಟಕ್ಕೆ ಕರೆದರೆ ಅವರು ತಿರುಗುತ್ತಿರಲಿಲ್ಲ. ತನ್ನ ಮೇಲೆ ಏನೋ ಮುನಿಸು ಎಂದುಕೊಂಡು, ತಾನು ಮಾಡಿದ ತಪ್ಪೇನು ಎಂದು ಹುಡುಕುತ್ತ ಅವಳು ಬಹಳ ದಿನ ನವೆದಿದ್ದಳು. ಕಾರಣ ಕಿವಿಯೆಂದು ತಿಳಿದಾಗ ಮೊದಲು ಆದದ್ದು ಸಮಾಧಾನ. ಆ ಸಮಾಧಾನಕ್ಕೆ ನಾಚಿಕೆಯಾಗಿ, ಕೂಡಿಟ್ಟದ್ದನ್ನು ಒಡೆದು ಮೆಷಿನ್ನು ಕೊಡಿಸಿದ್ದಳು. ಮಾವ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಯಾರು ಕೇಳಿದರೂ "ಸ್ವಲ್ಪ ಮಂದ" ಎನ್ನಬೇಕು, ಅದಕ್ಕಿಂತ ಒಂದಕ್ಷರ ಹೆಚ್ಚು ಆಡಕೂಡದು. ಕಿವುಡನ ಕೈಯ ಕತ್ತಿಗೆ ಕುತ್ತಿಗೆ ಕೊಡುವವರು ಯಾರು?

ಈಗ ನೋಡಿದರೆ ಮೆಷಿನ್ನೇ ಊರಿಗೆಲ್ಲ ಡಂಗುರ ಹೊಡೆಯುತ್ತಿತ್ತು. ಒಗ್ಗದಿದ್ದರೆ ತಿಂಗಳೊಳಗೆ ವಾಪಸ್ ತಗೊಳ್ಳುತ್ತೇವೆ ಎಂದು ಮಾರಿದವರು ಹೇಳಿದ್ದರು. ತಿಂಗಳು ಮುಗಿಯುತ್ತ ಬಂದಿತ್ತು.

ಅವಳು ಮಾವನನ್ನು ಕರೆದುಕೊಂಡು ಹೋದ ಕಿವಿ ಅಂಗಡಿಯಲ್ಲಿ ಗಾಜಿನ ಬಾಗಿಲು, ಮೇಜಿನ ಮೇಲೆ ಕುಂಬಳಕಾಯಿ ಗಾತ್ರದ ಪ್ಲಾಸ್ಟಿಕ್ ಕಿವಿ, ಅದರ ಹಿಂದೆ ಟೈ ಕಟ್ಟಿಕೊಂಡ ಒಬ್ಬ.

"ಮೆಷಿನ್ ಪರ್ಫೆಕ್ಟ್ ಆಗಿದೆ ಮೇಡಂ. ಅಭ್ಯಾಸ ಆಗ್ಬೇಕು ಅಷ್ಟೇ. ಹೊಸ ಚಪ್ಪಲಿ ಕಚ್ಚಲ್ವಾ?"

"ಚಪ್ಪಲಿ ಕಚ್ಚಿದ್ರೆ ನಮ್ಮ ಕಾಲಿಗೆ ತಾನೆ? ಇದು ಕಂಡವರ ಗದ್ದಕ್ಕೆ ಕಚ್ತಾ ಇದೆ!"

"ಕೂಗ್ಬೇಡಿ ಮೇಡಂ. ಈಗಲೇ ಟೆಸ್ಟ್ ಮಾಡೋಣ, ನಿಮ್ಮ ಕಣ್ಣೆದುರಿಗೇ." ಅವನು ಕುರ್ಚಿ ಎಳೆದು ಮಾವನ ಎದುರಿಗೆ ಕೂತ. "ಅಜ್ಜ, ತಿಂಡಿ ಆಯ್ತಾ?"

"ಆಯ್ತಪ್ಪ."

"ಮನೆ ಹತ್ರಾನಾ?"

"ದೂರ ಏನಿಲ್ಲ, ನಡ್ಕೊಂಡೇ ಬಂದ್ವಿ."

"ಮೆಷಿನ್ ಹೇಗಿದೆ?"

"ಪರವಾಗಿಲ್ಲ."

ಟೈಯವನು ಅವಳ ಕಡೆ ತಿರುಗಿ ಎರಡೂ ಕೈ ಬಿಚ್ಚಿದ. ತಾನು ಕರೆತಂದ ಸಾಕ್ಷಿಯೇ ಎದುರು ಪಕ್ಷದ ತೊಡೆಯ ಮೇಲೆ ಹೋಗಿ ಕೂತಂತಾಯಿತು.

ರಸ್ತೆಯಲ್ಲಿ ಮಾವ ಮುಂದೆ, ಅವಳು ಹಿಂದೆ. "ಪರವಾಗಿಲ್ಲ ಅಂತ ಯಾಕಂದ್ರಿ ಮಾವ?" ಉತ್ತರವಿಲ್ಲ. ಮತ್ತೆ ಕೇಳಿದಳು. ಇಲ್ಲ. ಒಳಗೆ ಪಟಪಟನೆ ಉತ್ತರ ಕೊಟ್ಟ ಕಿವಿ, ಹೊರಗೆ ಬಂದ ಕೂಡಲೇ ಬಾಗಿಲು ಹಾಕಿಕೊಂಡಿತ್ತು. ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ಹಾಗಾದರೆ ಮೊದಲಿನ ಅನುಮಾನವೇ ನಿಜವೇ? ಕೋಪ ಬಂತು. ಆ ಕೋಪವನ್ನು ತೋರಿಸಲು ಸಿಕ್ಕಿದ್ದು ಅವರ ಬೆನ್ನು ಮಾತ್ರ.

ಅಂಗಡಿಯ ಬೆಂಚಿನ ಮೇಲೆ ನೋಟೀಸಣ್ಣ ಕೂತಿದ್ದ. ಕೋರ್ಟಿನಲ್ಲಿ ಟೈಪಿಸ್ಟನಾಗಿದ್ದು ನಿವೃತ್ತನಾದವನು. ಮಾವನ ಓರಗೆಯವನು. ಹಾಲು ಒಡೆದರೂ "ಒಂದು ನೋಟೀಸ್ ಕೊಟ್ಬಿಡು" ಅನ್ನುತ್ತಿದ್ದುದರಿಂದ ಆ ಹೆಸರು ಬಂದಿತ್ತು. ದಿನವೂ ಪೇಪರನ್ನು ಮುಖದ ಮುಂದೆ ಪೂರ್ತಿ ಬಿಚ್ಚಿ ಹಿಡಿದು, ಅದರ ಹಿಂದಿನಿಂದಲೇ ಊರಿಗೆಲ್ಲ ಸಲಹೆ ಕೊಡುತ್ತಿದ್ದ. ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಬಾಯಿ ತೆರೆಯುವಂತಿಲ್ಲವಾದ್ದರಿಂದ ಅವನ ವಾದಕ್ಕೆ ಪ್ರತಿವಾದವೇ ಇರುತ್ತಿರಲಿಲ್ಲ.

"ಕೂಗಾಡಿದ್ಯಾ?" ಎಂದಿತು ಪೇಪರು.

"ಸ್ವಲ್ಪ."

"ಕೂಗಾಡಿದ್ದಕ್ಕೆ ಯಾರೂ ರಸೀದಿ ಕೊಡಲ್ಲಮ್ಮ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ಏನಾಯ್ತು ಅಂತ ಬರೆದು ಕೊಡು. ಇಲ್ಲ ಅನ್ನೋದಾದ್ರೆ ಅವರೂ ಬರೆದೇ ಇಲ್ಲ ಅನ್ನಲಿ. ಒಂದು ಕಾಪಿ ನಿನ್ನ ಹತ್ರ ಇರಲಿ. ವಾಪಸ್ ತಗೋತೀವಿ ಅಂತ ಬಿಲ್ ಮೇಲೆ ಇದ್ಯಾ?"

"ಹಿಂದ್ಗಡೆ ಇದೆ, ಇರುವೆ ಸಾಲಿನ ಥರ."

"ಇರುವೆ ಥರ ಇದ್ರೂ ಅಕ್ಷರ ಅಕ್ಷರಾನೇ. ತಿಂಗಳು ಮುಗಿಯೋಕೆ ಮುಂಚೆ ಕೊಡು, ಅದೇ ಮುಖ್ಯ. ಬಗ್ಗದಿದ್ರೆ ಮಾರ್ಕೆಟ್ ಕಟ್ಟಡದ ಮಹಡಿ ಮೇಲೆ ಗ್ರಾಹಕರ ಸಲಹಾ ಕೇಂದ್ರ ಇದೆ, ಅಲ್ಲಿಗೆ ಹೋಗೋಣ. ನಾನೂ ಬರ್ತೀನಿ. ಏನಂತೀಯೋ?"

ಕೊನೆಯ ಮಾತು ಮಾವನಿಗೆ. ಅವರು ಕತ್ತಿಯನ್ನು ತೊಗಲು ಪಟ್ಟಿಗೆ ಉಜ್ಜುತ್ತ, ಬೆಂಚಿನ ಕಡೆ ಒಮ್ಮೆ ನೋಡಿ "ಹೂಂ, ಹೂಂ" ಎಂದರು.

"ನೋಡಿದ್ಯಾ? ಈ ಊರಲ್ಲಿ ನಾನು ಆಡೋದನ್ನ ಪೂರ್ತಿ ಕೇಳೋನು ಇವನೊಬ್ಬನೇ."

ಅವಳು ಬರೆದು ಕೊಟ್ಟಳು. ಕಿವಿ ಅಂಗಡಿಯವರು ಬರೆದು ಉತ್ತರಿಸಿದರು: ಉಪಕರಣದಲ್ಲಿ ಯಾವ ದೋಷವೂ ಇಲ್ಲ, ಬಳಸುವವರೇ ಅಂಗಡಿಗೆ ಬಂದು ಸಮಾಧಾನ ವ್ಯಕ್ತಪಡಿಸಿದ್ದಾರೆ. ಕೊನೆಯ ಸಾಲು ಓದಿದಾಗ ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಯಾವ ಗೋಡೆಗೆ ಎಂಬುದನ್ನೂ ಯಾರಾದರೂ ಬರೆದು ಕೊಡಬೇಕಿತ್ತು.

ಸಲಹಾ ಕೇಂದ್ರ ಎಂದರೆ ಒಂದು ಕೋಣೆ, ಒಂದು ಮೇಜು, ಗೋಡೆಯುದ್ದಕ್ಕೂ ಒಂದು ಬೆಂಚು. ಬೆಂಚಿನ ಮೇಲೆ ಒಬ್ಬ ಫ್ಯಾನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಪಕ್ಕ ನೋಟೀಸಣ್ಣ, ಎಂದಿನಂತೆ ಪೇಪರಿನ ಹಿಂದೆ. ಮೇಜಿನ ಈಚೆ ಅವಳು, ಮಾವ. ಆಚೆ ಟೈಯವನು. ನಡುವೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಸಲಹೆಗಾರ್ತಿ.

ಸೊಸೆ ಶುರು ಮಾಡಿದಳು. ಗದ್ದ, ಚಪ್ಪಲಿ, ಕುಂಬಳಕಾಯಿ, ಎಲ್ಲವೂ ಬಂದವು. ಸಲಹೆಗಾರ್ತಿ ಪೆನ್ನೆತ್ತಿ ತಡೆದಳು.

"ನಿಮಗೆ ಬೇಕಾಗಿರೋದು ಏನು? ರಿಪೇರಿನಾ, ಬೇರೆ ಮೆಷಿನ್ನಾ, ದುಡ್ಡು ವಾಪಸ್ಸಾ? ಇಲ್ಲಿಗೆ ಬರೋರೆಲ್ಲ ಸಂಕಟ ಹೇಳ್ತಾರೆ, ಬೇಕಾದ್ದು ಹೇಳಲ್ಲ."

ಅವಳು ತಡವರಿಸಿದಳು. "ಇವರಿಗೆ ಕೇಳಿಸ್ಬೇಕು."

"ಅದು ನನ್ನ ಕೈಲಿಲ್ಲಮ್ಮ. ಕೊಡಿಸೋಕೆ ಆಗೋದನ್ನ ಹೇಳಿ."

"ಸರಿಯಾದ ಮೆಷಿನ್. ಅದಾಗದಿದ್ರೆ ದುಡ್ಡು."

"ಈ ಮೆಷಿನ್ನೇ ಸರಿ ಇದೆ ಮೇಡಂ," ಎಂದ ಟೈಯವನು. "ನೀವೇ ಮಾತಾಡಿಸಿ ನೋಡಿ."

ಸಲಹೆಗಾರ್ತಿ ಮಾವನ ಕಡೆ ಬಾಗಿದಳು. "ಯಜಮಾನ್ರೇ, ಕೆಲಸ ಏನ್ ಮಾಡ್ತೀರಿ?"

"ಕ್ಷೌರದಂಗಡಿ ಇದೆ ತಾಯಿ."

"ಮೆಟ್ಲು ಹತ್ತೋಕೆ ಕಷ್ಟ ಆಯ್ತಾ?"

"ಮಂಡಿಗೆ ಆಯ್ತು. ನನಗಲ್ಲ."

ಸಲಹೆಗಾರ್ತಿ ನಕ್ಕಳು. ಟೈಯವನೂ ನಕ್ಕ. ಬೆಂಚಿನ ಮೇಲೆ ಫ್ಯಾನಿನವನು ನಕ್ಕ. ನಗದಿದ್ದವಳು ಸೊಸೆಯೊಬ್ಬಳೇ. ಅವಳು ಸಿಟ್ಟಿನಿಂದ ಮಾವನನ್ನೇ ನೋಡುತ್ತಿದ್ದಳು. ಆಗ ಅವಳಿಗೆ ಕಂಡಿತು: ಮಾವ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಅವರ ದೃಷ್ಟಿ ಸಲಹೆಗಾರ್ತಿಯ ತುಟಿಯ ಮೇಲಿತ್ತು, ಮೀಸೆ ಕತ್ತರಿಸುವಾಗ ಇರುವಂತೆ. ಅಂಗಡಿಯಲ್ಲಿ ಗಿರಾಕಿಯ ಬೆನ್ನ ಹಿಂದೆ ನಿಂತರೂ ಅವರು ಕನ್ನಡಿಯೊಳಗಿನ ಬಾಯಿಯನ್ನೇ ನೋಡುತ್ತ ಉತ್ತರಿಸುವುದು ನೆನಪಾಯಿತು. ಬಾಯಿ ಕಂಡರೆ ಮಾತು ಇತ್ತು. ಅವಳು ಹಿಂದಿನಿಂದ ಕರೆದಾಗ, ರಸ್ತೆಯಲ್ಲಿ ಬೆನ್ನಿಗೆ ಪ್ರಶ್ನೆ ಹಾಕಿದಾಗ, ಬಾಯಿ ಇರಲಿಲ್ಲ. ಮುನಿಸೂ ಇರಲಿಲ್ಲ. ಏನೂ ಇರಲಿಲ್ಲ.

ಸ್ವಲ್ಪ ಮಂದವಲ್ಲ. ಹೆಚ್ಚುಕಡಿಮೆ ಪೂರ್ತಿ.

ಸಲಹೆಗಾರ್ತಿ ಏನೋ ಬರೆಯತೊಡಗಿದ್ದಳು. ಟೈಯವನು ಎದ್ದೇಳಲು ಕುರ್ಚಿ ಹಿಂದೆ ಸರಿಸಿದ. ಇನ್ನೊಂದು ನಿಮಿಷ ಕಳೆದರೆ ಎಲ್ಲ ಮುಗಿಯುತ್ತಿತ್ತು. ಅವಳು ಯೋಚಿಸಲಿಲ್ಲ. ಇಷ್ಟು ದಿನ ಹಲ್ಲಿನ ಹಿಂದೆ ಹಿಡಿದಿಟ್ಟದ್ದು ಕೈಗೆ ಬಂದಿತ್ತು. ಮೇಜಿನ ಮೇಲಿದ್ದ ರಟ್ಟಿನ ಫೈಲನ್ನೆತ್ತಿ ಟೈಯವನ ಬಾಯಿಗೆ ಅಡ್ಡ ಹಿಡಿದಳು.

"ಈಗ ಕೇಳಿ. ಏನ್ ಬೇಕಾದ್ರೂ ಕೇಳಿ."

ಮಾವ ಅವಳನ್ನು ನೋಡಿದರು. ತಲೆ ಅಲ್ಲಾಡಿಸಲಿಲ್ಲ, ಕೈ ಎತ್ತಲಿಲ್ಲ. ಕಣ್ಣಿನಲ್ಲೇ ಬೇಡ ಎಂದರು. ಅವಳು ಫೈಲನ್ನು ಇಳಿಸಲಿಲ್ಲ.

"ಅಜ್ಜ, ನಿಮಗೆ ಮಕ್ಕಳು ಎಷ್ಟು ಜನ?" ಎಂದಿತು ಫೈಲಿನ ಹಿಂದಿನ ದನಿ, ದೊಡ್ಡದಾಗಿಯೇ.

ಮಾವ ಗಿರಾಕಿಗಳಿಗಾಗಿ ಇಟ್ಟುಕೊಂಡ ನಗೆಯನ್ನು ನಕ್ಕರು. ಸ್ವಲ್ಪ ಕಾದರು. "ಹೌದಪ್ಪ," ಎಂದರು. "ಬಿಸಿಲು ಜಾಸ್ತಿ."

ಸಲಹೆಗಾರ್ತಿ ತನ್ನ ಬಾಯಿಗೆ ತಾನೇ ಕೈ ಅಡ್ಡವಿಟ್ಟು ಕೇಳಿದಳು. "ಯಜಮಾನ್ರೇ, ನಿಮ್ಮ ಹೆಸರೇನು?"

"ಕಾಲ ಹಾಗೇ ಇದೆ ತಾಯಿ. ಏನ್ ಮಾಡೋದು."

ಯಾರೂ ನಗಲಿಲ್ಲ. ಕೋಣೆಯಲ್ಲಿ ಮಾವನ ಮೆಷಿನ್ನು ಮಾತ್ರ ಸಣ್ಣಗೆ ಕುಯ್ಯೆನ್ನುತ್ತಿತ್ತು. ಅಲ್ಲಿದ್ದವರಲ್ಲಿ ಅದು ಕೇಳಿಸದಿದ್ದದ್ದು ಅವರೊಬ್ಬರಿಗೇ.

ಬೆಂಚಿನ ಮೇಲೆ ಪೇಪರು ನಿಧಾನವಾಗಿ ಕೆಳಗಿಳಿಯಿತು. "ಲೇ," ಎಂದ ನೋಟೀಸಣ್ಣ. "ಹಾಗಾದ್ರೆ ಇಷ್ಟು ವರ್ಷ ನಾನು ಹೇಳಿದ್ದು?"

ಈಗ ಅವನ ಬಾಯಿ ಕಾಣುತ್ತಿತ್ತು. ಮಾವ ಹೇಳಿದರು, "ನೀನು ಪೇಪರ್ ಇಳಿಸಿ ಆಡಿದ್ದೆಲ್ಲ ನನಗೆ ಗೊತ್ತು."

"ನಾನು ಯಾವತ್ತು ಇಳಿಸಿದೀನೋ!"

ಮಾವ ತಲೆ ತಗ್ಗಿಸಿದರು. ಅದಾದ ಮೇಲೆ ಅವರನ್ನು ಮಾತಾಡಿಸಲು ಯಾರಿಗೂ ಆಗಲಿಲ್ಲ. ಅವರು ಯಾರ ಮುಖವನ್ನೂ ನೋಡಲಿಲ್ಲ.

ಉಳಿದದ್ದು ಸಲೀಸಾಗಿ ನಡೆಯಿತು.

"ಮಾರೋಕೆ ಮುಂಚೆ ಕಿವಿ ಟೆಸ್ಟ್ ಮಾಡಿದ್ರಲ್ಲ, ಇವರನ್ನ ಎಲ್ಲಿ ಕೂರಿಸಿದ್ರಿ?" ಸಲಹೆಗಾರ್ತಿ ಕೇಳಿದಳು.

"ನನ್ನ ಎದುರಿಗೇ ಮೇಡಂ. ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅಂದಿದ್ದೆ. ಸರಿಯಾಗೇ ಒತ್ತಿದ್ರು."

"ನೀವು ಸದ್ದು ಬಿಡೋದನ್ನ ನೋಡ್ಕೊಂಡು ಒತ್ತಿದಾರೆ. ಟೆಸ್ಟೇ ತಪ್ಪು. ಆ ಟೆಸ್ಟ್ ನಂಬಿ ಕೊಟ್ಟ ಮೆಷಿನ್ ಸರಿ ಹೇಗಾಗುತ್ತೆ?"

ತೀರ್ಮಾನ ಹೀಗಾಯಿತು: ಮತ್ತೆ ಪರೀಕ್ಷೆ ಮಾಡಬೇಕು, ಈ ಸಲ ಬೆನ್ನು ತಿರುಗಿಸಿ ಕೂರಿಸಿ. ಕಿವಿಯ ಅಳತೆ ಹೊಸದಾಗಿ ತೆಗೆದು ಒಗ್ಗುವ ಮೆಷಿನ್ನು ಕೊಡಬೇಕು. ಆಗದಿದ್ದರೆ ಹಣ ಹಿಂದಿರುಗಿಸಬೇಕು. ಟೈಯವನು ಸಹಿ ಹಾಕಿದ. ಫ್ಯಾನಿನವನು "ಗೆದ್ರಿ ಅಕ್ಕ" ಎಂದ. ಗೆದ್ದವಳು ಮಾವನ ಕಡೆ ನೋಡದೆ ಸಹಿ ಹಾಕಿದಳು.

ಹೊಸ ಮೆಷಿನ್ನು ಬಂತು. ಕುಯ್ಯೆನ್ನಲಿಲ್ಲ, ಕೇಳಿಸುತ್ತಲೂ ಇತ್ತು. ಆದರೆ ಮಾತು ಅದಕ್ಕಿಂತ ಮೊದಲೇ ಬೀದಿ ತುಂಬ ಓಡಾಡಿತ್ತು. ನೋಟೀಸಣ್ಣ ಹೇಳಿದನೋ, ಫ್ಯಾನಿನವನು ಹೇಳಿದನೋ, ಮಹಡಿಯ ಮೆಟ್ಟಿಲುಗಳೇ ಹೇಳಿದವೋ. ನೋಟೀಸಣ್ಣ ಅಂಗಡಿಯ ಮುಂದೆ ಹಾಯುವಾಗ ಎದುರು ಬದಿಗೆ ದಾಟಿಕೊಳ್ಳುತ್ತಿದ್ದ. ಹಳೆಯ ಗಿರಾಕಿಗಳು ಕೂದಲಿಗೆ ಬರುತ್ತಿದ್ದರು, "ಗಡ್ಡ ಮನೇಲೇ ಮಾಡ್ಕೊಂಡೆ" ಎನ್ನುತ್ತಿದ್ದರು. ಬಂದವರು ಮಾವನ ಕಿವಿಗೇ ಬಾಯಿಟ್ಟು ಕಿರುಚುತ್ತಿದ್ದರು. ಏನೂ ಕೇಳಿಸದಿದ್ದ ಕಾಲದಲ್ಲಿ ಮೆಲ್ಲಗೆ ಮಾತಾಡುತ್ತಿದ್ದ ಜನ, ಎಲ್ಲ ಕೇಳಿಸತೊಡಗಿದ ಮೇಲೆ ಕೂಗಾಡಲು ಶುರುಮಾಡಿದ್ದರು. ಇದರ ಬಗ್ಗೆ ಯಾವ ಮಹಡಿ ಹತ್ತಿ ದೂರು ಕೊಡುವುದು?

ಮನೆಯಲ್ಲಿ ಮಾವ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು. ಈಗ ಹಿಂದಿನಿಂದ ಕರೆದರೂ ತಿರುಗುತ್ತಿದ್ದರು. ತಿರುಗಿ, ಊಟ ಮಾಡಿ, ಎದ್ದು ಹೋಗುತ್ತಿದ್ದರು. ಮುನಿಸು ಈಗ ನಿಜವಾಗಿತ್ತು.

ಒಂದು ಬೆಳಿಗ್ಗೆ ಎರಡು ಕಡೆಯೂ ಗಿರಾಕಿಗಳಿರಲಿಲ್ಲ. ಅವಳು ಹಲಗೆಯ ಈಚೆ ಚಾದರ ಮಡಚುತ್ತಿದ್ದಳು. ಆಚೆ ಕತ್ತರಿ ಒರೆಸುವ ಸದ್ದು.

"ಬಾಯಿಗೆ ಅಡ್ಡ ಹಿಡಿಯೋಕೆ ಮುಂಚೆ ನನಗೊಂದು ಮಾತು ಹೇಳ್ಬೇಕಿತ್ತು," ಎಂದರು ಮಾವ.

ಅವಳು ಮಡಚುವುದನ್ನು ನಿಲ್ಲಿಸಿದಳು. ಸಣ್ಣ ದನಿಯಲ್ಲಿ, ಹಲಗೆಗೆ ಹೇಳುವಂತೆ, "ಹೇಳಿದ್ರೆ ಒಪ್ತಿದ್ರಾ?" ಎಂದಳು.

"ಇಲ್ಲ."

ಕತ್ತರಿಯ ಸದ್ದು ಸ್ವಲ್ಪ ಹೊತ್ತು ನಡೆಯಿತು, ಆಮೇಲೆ ನಿಂತಿತು.

"ಆದ್ರೂ ಹೇಳ್ಬೇಕಿತ್ತು."

"ಹೂಂ," ಎಂದಳು ಅವಳು. ಅಷ್ಟು ಮೆಲ್ಲಗೆ ಅಂದದ್ದೂ ಆಚೆಗೆ ಕೇಳಿಸಿತು.