ಚಾಕಿಮನೆಯ ನಾಲ್ಕು ಸಿಲಿಂಡರ್

ದಿಬ್ಬೂರಹಳ್ಳಿಯಿಂದ ಎರಡು ಮೈಲಿ ಆಚೆ, ನೀರಿನ ಕುಂಟೆಯ ಏರಿ ದಾಟಿದ ಮೇಲೆ ಸಿಗುವ ಹಿಪ್ಪುನೇರಳೆ ತೋಟಕ್ಕೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಅಂಥ ಕಡೆ ಚಾಕಿಮನೆ ಮಾಡುತ್ತೇನೆಂದು ಹಮೀದಾ ಬೇಗಂ ಹೊರಟಾಗ ಶಿಡ್ಲಘಟ್ಟದ ನೆಂಟರಿಷ್ಟರೆಲ್ಲ ನಕ್ಕಿದ್ದರು. ರೇಷ್ಮೆ ನೂಲು ತೆಗೆಯುವವರ ಮನೆಯ ಹೆಂಗಸಿಗೆ ಹುಳು ಸಾಕುವ ಉಸಾಬರಿ ಯಾಕೆ ಅಂತ. ಗೂಡು ಬೇಯಿಸುವ ಒಲೆಯ ಹೊಗೆ ಕುಡಿದೂ ಕುಡಿದೂ ಗಂಡ ಷರೀಫನ ಎದೆ ಕೆಟ್ಟು, ಅವರ ರೀಲಿಂಗ್ ಯೂನಿಟ್ ಮುಚ್ಚಿ ವರ್ಷವಾಗಿತ್ತು. ನಗುವವರು ಯಾರೂ ಅನ್ನ ಹಾಕುವುದಿಲ್ಲ ಎಂದುಕೊಂಡು ಆಕೆ ತೋಟವನ್ನು ಗುತ್ತಿಗೆಗೆ ಹಿಡಿದಳು.

ಚಾಕಿಯೆಂದರೆ ಆಗತಾನೆ ಮೊಟ್ಟೆಯೊಡೆದ ಹುಳುಗಳನ್ನು ವಾರ ಹತ್ತು ದಿನ ಜೋಪಾನ ಮಾಡಿ ರೈತರ ಕೈಗಿಡುವ ಕೆಲಸ. ಅಷ್ಟು ದಿನವೂ ಕೋಣೆ ಇಪ್ಪತ್ತೇಳು ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಪುಷ್ಯದ ಚಳಿ ಬೇರೆ. ಮೊದಲ ಸಲಕ್ಕೆ ಆರು ಜನ ರೈತರು ಮುನ್ನೂರು ಮೊಟ್ಟೆಗೆ, ಎಂದರೆ ಮುನ್ನೂರು ಚಿಟ್ಟೆಗಳಿಟ್ಟ ಮೊಟ್ಟೆಗೆ, ಹೇಳಿದ್ದರು. ಈ ಹುಳು ಕೆಟ್ಟರೆ ಏಳನೆಯವನು ಇತ್ತ ತಲೆ ಹಾಕಿಯೂ ಮಲಗುವುದಿಲ್ಲ. ಇದ್ದಿಲ ಹೊಗೆಯ ಸಹವಾಸ ಆಕೆಗೆ ಸಾಕಾಗಿತ್ತು. ಉಳಿದದ್ದು ಗ್ಯಾಸು.

ಗ್ಯಾಸ್ ಏಜೆನ್ಸಿಯ ಚಲಪತಿ ಮೊದಲು ಹೇಳಿದ್ದು ದೊಡ್ಡ ಟ್ಯಾಂಕಿನ ಮಾತು. ಲಾರಿ ಬಂದು ತುಂಬಿಸಿ ಹೋಗುತ್ತದೆ, ಮೂರು ತಿಂಗಳು ತಿರುಗಿ ನೋಡಬೇಕಾಗಿಲ್ಲ ಎಂದ. ಹಮೀದಾ ಅವನನ್ನು ಕುಂಟೆಯ ಏರಿಯ ಮೇಲೆ ಒಂದು ಸಲ ನಡೆಸಿದಳು. ಎತ್ತಿನ ಗಾಡಿಯೇ ಉಸಿರು ಬಿಗಿಹಿಡಿದು ದಾಟುವ ದಾರಿ ಅದು. ಲಾರಿಯ ಮಾತು ಅಲ್ಲಿಗೇ ನಿಂತಿತು. ಅಡುಗೆಮನೆಯ ಕೆಂಪು ಸಿಲಿಂಡರನ್ನೇ ತಂದಿಡು ಎಂದವರೂ ಇದ್ದರು. ವ್ಯಾಪಾರಕ್ಕೆ ಅದನ್ನು ಬಳಸಿದರೆ ಕೇಸಾಗುತ್ತದೆ, ಬೇಡ ಎಂದಳು. ಕೊನೆಗೆ ಹತ್ತೊಂಬತ್ತು ಕೆಜಿಯ ಎರಡು ಸಿಲಿಂಡರ್, ಒಂದು ಮುಗಿದರೆ ಇನ್ನೊಂದು, ಒಳಗೊಂದು ಹೀಟರ್ ಎಂದಾಯಿತು. ಲಗೇಜ್ ಆಟೋದಲ್ಲಿ ತರಬಹುದು, ಇಬ್ಬರು ಎತ್ತಬಹುದು.

ಜೋಡಿಸುವ ದಿನ ಚಲಪತಿ ಘಮಘಮ ಸೆಂಟು ಹಾಕಿಕೊಂಡು ಬಂದಿದ್ದ. ಹುಳುವಿಗೆ ವಾಸನೆ ಆಗದು. ಊದುಬತ್ತಿ ಹಚ್ಚಿದವರನ್ನೂ ಒಳಗೆ ಬಿಡದ ಜಾಗ. ಆಳು ಗಂಗುಲಮ್ಮ, ಮೂವತ್ತು ವರ್ಷ ಹುಳು ಸಾಕಿದವಳು, ಬಾಗಿಲಿಗೆ ಕೈ ಅಡ್ಡ ಹಿಡಿದಳು. ಹೀಟರನ್ನು ತಾವೇ ಒಳಗಿಟ್ಟುಕೊಂಡರು. ಸಿಲಿಂಡರ್ ಹೊರಗೇ ಇರಲಿ, ನೆಲಮಟ್ಟದ ಕಿಂಡಿ ತೆಗೆದಿರಲಿ ಎಂದು ಅವನು ಅಂಗಳದಿಂದಲೇ ಕೂಗಿ ಹೇಳಿ ಹೋದ. ಆ ಕಿಂಡಿಗಳಿಗೆ ಗಂಗುಲಮ್ಮ ಆಗಲೇ ಗೋಣಿ ತುರುಕಿ ಮಣ್ಣು ಮೆತ್ತಿದ್ದಳು. ಇರುವೆ, ಹಲ್ಲಿ, ಊಜಿ ನೊಣ ಎಲ್ಲ ಬರುವುದು ಅಲ್ಲಿಂದಲೇ. ಹಮೀದಾ ಅದನ್ನು ತೆಗೆಸಲಿಲ್ಲ.

ಮೊಟ್ಟೆ ಒಡೆದ ಮಾರನೆಯ ಬೆಳಗಿನ ಜಾವ ಉರಿ ಕುಗ್ಗಿತು. ಹೊರಗೆ ಹೋಗಿ ನೋಡಿದರೆ ಸಿಲಿಂಡರಿನ ಮೈಗೆ ಬಿಳಿ ಮಂಜು ಕಟ್ಟಿತ್ತು. ಚಳಿಗೆ ಗ್ಯಾಸು ಮರಗಟ್ಟಿದೆ ಎಂದುಕೊಂಡು ಇಬ್ಬರೂ ಸೇರಿ ಎರಡನ್ನೂ ಒಳಗೆ ಎಳೆದುಕೊಂಡರು. ಬಾಗಿಲು ಬಿಗಿದು ಕಂಬಳಿ ಇಳಿಬಿಟ್ಟರು. ಕೋಣೆ ಬೆಚ್ಚಗಾಯಿತು.

ಬೆಳಕು ಹರಿದಾಗ ಟ್ರೇಗಳಲ್ಲಿ ಹುಳುಗಳು ತಲೆ ಎತ್ತಿ ಅಲುಗದೆ ನಿಂತಿದ್ದವು.

"ಜ್ವರಕ್ಕೆ ಕೂತವೆ, ಬೀಬಮ್ಮ. ಸೊಪ್ಪು ಹಾಕ್ಬೇಡ, ಸುಣ್ಣ ಉದುರ್ಸಣ," ಎಂದಳು ಗಂಗುಲಮ್ಮ.

ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಹೀಗೇ ತಲೆ ಎತ್ತಿ ನಿಲ್ಲುತ್ತದೆ. ಅದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಆದರೆ ಹಮೀದಾ ಬೆರಳು ಮಡಿಸಿದಳು. ಜ್ವರಕ್ಕೆ ಇನ್ನೂ ಒಂದೂವರೆ ದಿನ ಬಾಕಿ. ತನ್ನ ತಲೆಯೂ ಸಿಡಿಯುತ್ತಿತ್ತು. ಗಂಗುಲಮ್ಮನೂ ಆಗಿಂದ ಹಣೆ ಒತ್ತಿಕೊಳ್ಳುತ್ತಿದ್ದಳು. ಷರೀಫ್ ರೀಲಿಂಗ್ ಯೂನಿಟ್‌ನಿಂದ ಬಂದು ಹೀಗೇ ಹಣೆ ಹಿಡಿದು ಕೂರುತ್ತಿದ್ದದ್ದು ಆಕೆಗೆ ಚೆನ್ನಾಗಿ ನೆನಪಿತ್ತು.

"ಇದು ಜ್ವರ ಅಲ್ಲಕ್ಕ. ಗಾಳಿ ಇಲ್ದೆ ಒದ್ದಾಡ್ತಾ ಇವೆ. ನಾವೂ ಅಷ್ಟೆ."

ಅವಳು ಹೀಟರ್ ಆರಿಸಿ ಬಾಗಿಲು ಹಾರುಹೊಡೆದಳು. ಬಿಸಿ ಓಡಿಹೋಗುತ್ತದೆ ಎಂದು ಗಂಗುಲಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಂತೆಯೇ ಸಲಾಕೆಯಿಂದ ಕಿಂಡಿಯ ಮಣ್ಣು ಕೆಡವಿದಳು. ಹಗಲಿಗೆ ಬಿಸಿಲಿದೆ. ಸಂಜೆಯೊಳಗೆ ಬೇರೆ ದಾರಿಯಾಗಬೇಕು.

ಆ ದಾರಿ ಅವರ ಮುಚ್ಚಿದ ಯೂನಿಟ್‌ನಲ್ಲೇ ಬಿದ್ದಿತ್ತು. ಗೂಡಿನ ತೊಟ್ಟಿಗಳಿಗೆ ಬಿಸಿನೀರು ಹರಿಸುತ್ತಿದ್ದ ಹಂಡೆ, ಕಬ್ಬಿಣದ ಪೈಪು. ಫೋನು ಮಾಡಿದಾಗ ಗುಜರಿಗೆ ಹಾಕೋಣ ಅಂತಿದ್ದೆ ಎಂದ ಷರೀಫ್, ಮಧ್ಯಾಹ್ನದೊಳಗೆ ಆಟೋಗೆ ಹೇರಿಕೊಂಡು ಬಂದ. ಒಲೆ, ಹಂಡೆ, ಸಿಲಿಂಡರ್ ಎಲ್ಲ ಹೊರಗಿನ ಚಪ್ಪರಕ್ಕೆ. ಒಳಗೆ ಗೋಡೆಯುದ್ದಕ್ಕೂ ಬಿಸಿನೀರಿನ ಪೈಪು ಮಾತ್ರ. ಉರಿಯ ಗಾಳಿ ಹುಳುವಿನ ಹತ್ತಿರ ಸುಳಿಯುವಂತಿಲ್ಲ.

ಮಂಜಿನ ವಿಷಯ ಉಳಿದಿತ್ತು. ಅದಕ್ಕೆ ಚಲಪತಿಯೇ ಬರಬೇಕಾಯಿತು. ಈ ಸಲವೂ ಸೆಂಟು. ಹಮೀದಾ ಒಂದು ಸೋಪು, ಷರೀಫನ ಒಗೆದ ಲುಂಗಿ ಕೊಟ್ಟು ನೀರಿನ ತೊಟ್ಟಿಯ ಕಡೆ ಕೈ ತೋರಿಸಿದಳು.

"ಗ್ಯಾಸ್ ಹಾಕೋಕೆ ಬಂದೋನಿಗೆ ಮದುವೆ ಗಂಡಿನ ಸ್ನಾನ ಮಾಡಿಸ್ತೀರಲ್ಲಮ್ಮ," ಎಂದು ಗೊಣಗುತ್ತಲೇ ಅವನು ಮೈ ತೊಳೆದು ಒಳಗೆ ಬಂದ. ಮಣ್ಣು ಕೆಡವಿದ ಕಿಂಡಿಗಳನ್ನೂ ನೆಲದ ಮೇಲೆ ಸಿಲಿಂಡರ್ ನಿಂತಿದ್ದ ಗುರುತನ್ನೂ ನೋಡಿ ಅವನ ಗೊಣಗಾಟ ನಿಂತಿತು. ಗ್ಯಾಸು ಸೋರಿದರೆ ನೆಲಕ್ಕೇ ಇಳಿಯುತ್ತದೆ, ಈ ಕಿಂಡಿ ಇಲ್ಲದಿದ್ದರೆ ಅಲ್ಲೇ ತುಂಬಿಕೊಳ್ಳುತ್ತದೆ, ಹುಳು ನಿಮ್ಮ ಪ್ರಾಣ ಉಳಿಸಿತು ಎಂದ. ಒಂದೇ ಸಿಲಿಂಡರಿನಿಂದ ಜೋರಾಗಿ ಎಳೆದರೆ ಮಂಜು ಕಟ್ಟುತ್ತದೆ. ಒಂದೇ ಎತ್ತಿಗೆ ಎರಡೆತ್ತಿನ ಹೊರೆ ಹೇರಿದ ಹಾಗೆ. ನಾಲ್ಕನ್ನು ಒಟ್ಟಿಗೆ ಹೂಡಿದರೆ ಹಂಚಿಕೊಂಡು ಎಳೆಯುತ್ತವೆ. ನಾಲ್ಕೇ ಹಾಕಿ ಎಂದಳು ಹಮೀದಾ. ಅವನು ಇನ್ನೆರಡನ್ನು ಲಗೇಜ್ ಆಟೋದಲ್ಲಿ ತರಿಸಿ ಜೋಡಿಸಿದ.

ಕಿಂಡಿಗಳಿಗೆ ಸಣ್ಣ ಕಣ್ಣಿನ ಬಲೆ ಬಿಗಿದು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಎರಡು ಟ್ರೇ ಹುಳು ಸತ್ತಿತ್ತು. ಎಷ್ಟು ಕಡಿಮೆಯಾಗುತ್ತದೆಂದು ಆರು ಜನ ರೈತರಿಗೂ ಅಂದೇ ಫೋನಿನಲ್ಲಿ ಹೇಳಿದಳು. ಒಬ್ಬ ಬೈದ. ಬೇಡವೆಂದವರು ಯಾರೂ ಇಲ್ಲ.

ಮಾರನೆಯ ಬೆಳಗ್ಗೆ ಸಿಲಿಂಡರಿನ ಮೇಲೆ ಬರೀ ಇಬ್ಬನಿ. ಒಳಗೆ ಥರ್ಮಾಮೀಟರಿನಲ್ಲಿ ಇಪ್ಪತ್ತೇಳರ ಮೇಲೊಂದು ಗೆರೆ. ಗಂಗುಲಮ್ಮ ಎಳೆಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿ, ಬಗ್ಗಿ ನೋಡುತ್ತ ನಿಂತಳು.

"ತಲೆ ಬಗ್ಗಿಸ್ದವು, ಬೀಬಮ್ಮ. ಮೇಯ್ತಾ ಅವೆ," ಎಂದಳು, ದನಿ ತಗ್ಗಿಸಿ.

ಹಮೀದಾ ಎರಡನೇ ಟ್ರೇಗೆ ಸೊಪ್ಪು ಹೆಚ್ಚಲು ಕುಳಿತಳು.