ಹತ್ತೂಮುಕ್ಕಾಲು ನೆಲಕ್ಕೆ, ನೀರಿಗಲ್ಲ

ಆ ಬೀದಿಗೆ ನಲ್ಲಿ ನೀರು ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ, ಅದೂ ಮುಕ್ಕಾಲು ಗಂಟೆ. ಅಷ್ಟರೊಳಗೆ ಬಿಂದಿಗೆ, ಬಕೆಟ್ಟು, ಹಾಲಿನ ಪಾತ್ರೆ ಎಲ್ಲ ತುಂಬಿಕೊಳ್ಳಬೇಕು. ಮೂಲೆ ಮನೆಯ ಟೈಲ್ಸ್ ಕೆಲಸದವನಿಗೆ ಈ ಪರದಾಟ ಸಾಕಾಗಿ, ದೊಡ್ಡದೊಂದು ತಗಡಿನ ತೊಟ್ಟಿ ಮಾಡಿಸಿ ತಂದ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರ. ನಾಲ್ಕು ಜನ ಸೇರಿ ಅದನ್ನು ತಾರಸಿಗೆ ಏರಿಸಿದ್ದೂ ಆಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ನೀರಿನ ಟ್ಯಾಂಕರ್ ಬರುವುದಿತ್ತು.

ತೊಟ್ಟಿ ಇಟ್ಟ ತಾರಸಿಯ ಮೂಲೆ ಒಂದೂವರೆ ಸಾವಿರ ಕಿಲೋ ತಡೆಯುತ್ತದೆ, ಅದಕ್ಕಿಂತ ಹೆಚ್ಚು ಹೊರಿಸಬೇಡಿ ಎಂದು ಎಂಜಿನಿಯರ್ ಮೊದಲೇ ಹೇಳಿದ್ದರು. ಅದಕ್ಕೇ ಅವನು ಟೈಲ್ಸ್ ಡಬ್ಬದ ರಟ್ಟಿನ ಮೇಲೆ ಲೆಕ್ಕ ಬರೆದಿದ್ದ. ತೊಟ್ಟಿ ನಾಲ್ಕು ಘನ ಮೀಟರ್. ಅದನ್ನು ಘನ ಅಡಿಗೆ ತರಲು ಹತ್ತೂಮುಕ್ಕಾಲರಿಂದ ಗುಣಿಸಿದರೆ ನಲವತ್ತಮೂರು. ಒಂದು ಘನ ಅಡಿಗೆ ಇಪ್ಪತ್ತೆಂಟು ಲೀಟರ್. ಎಲ್ಲ ಸೇರಿ ಸಾವಿರದ ಇನ್ನೂರು ಲೀಟರ್, ಅಂದರೆ ಸಾವಿರದ ಇನ್ನೂರು ಕಿಲೋ. ಇಪ್ಪತ್ತು ವರ್ಷ ನೆಲ ಅಳೆದವನಿಗೆ ಹತ್ತೂಮುಕ್ಕಾಲು ನಿದ್ದೆಯಲ್ಲೂ ಬಾಯಿಗೆ ಬರುವ ಅಂಕಿ.

ಬೆಳಿಗ್ಗೆ ಎದ್ದು ಆ ರಟ್ಟನ್ನು ಅವನ ಹೆಂಡತಿ ಮೂರು ಸಲ ಓದಿದಳು. ಅವಳು ಶಿಶುವಿಹಾರದ ಆಯಾ. ಆರು ತಿಂಗಳಿಂದ ಓದು, ಲೆಕ್ಕ ಕಲಿಯಲು ಸಂಜೆ ತರಗತಿಗೆ ಹೋಗುತ್ತಿದ್ದಳು. ಎಲ್ಲೋ ತಪ್ಪಿದೆ ಅನ್ನಿಸಿತು. ಮರುಕ್ಷಣವೇ, ತಪ್ಪಿರುವುದು ತನ್ನ ತಲೆಯಲ್ಲೇ ಇರಬೇಕು ಅನ್ನಿಸಿತು. ಆದರೆ ತೊಟ್ಟಿಯ ನೇರ ಕೆಳಗಿನ ಕೋಣೆಯಲ್ಲಿ ಅತ್ತೆಯ ಮಂಚವಿತ್ತು. ಸುಮ್ಮನಿರಲು ಆಗಲಿಲ್ಲ.

"ರೀ, ಈ ಹತ್ತೂಮುಕ್ಕಾಲು ನೆಲದ ಲೆಕ್ಕ ಅಲ್ವಾ?"

"ಮೀಟರು ಮೀಟರೇ, ಅಡಿ ಅಡಿಯೇ. ನೆಲಕ್ಕೊಂದು, ನೀರಿಗೊಂದು ಇರುತ್ತೇನೇ?"

ಅತ್ತೆ ಮಂಚದಿಂದಲೇ ಕೂಗಿದರು. "ಗಂಡ ಊರೆಲ್ಲ ಅಳೆದು ಬಂದಿದ್ದಾನೆ, ಸ್ಲೇಟು ಹಿಡಿದು ಆರು ತಿಂಗಳಾದ ಇವಳು ಅವನಿಗೇ ಪಾಠ ಹೇಳ್ತಾಳೆ!"

ಅವಳ ಮುಖ ಚಿಕ್ಕದಾಯಿತು. ಆದರೂ, ತೊಳೆಯಲು ತಂದಿದ್ದ ಶಿಶುವಿಹಾರದ ಮರದ ಬ್ಲಾಕುಗಳ ಚೀಲವನ್ನು ನೆಲದ ಮೇಲೆ ಸುರಿದಳು.

"ಇದರಲ್ಲಿ ಒಂದೊಂದೂ ಒಂದು ಅಡಿ ಅಂದ್ಕೊಳ್ಳಿ. ಒಂದು ಮೀಟರಿಗೆ ಎಷ್ಟು ಅಡಿ?"

"ಮೂರು, ಮೇಲೆ ಚೂರು."

ಅವಳು ಮೂರು ಸಾಲು, ಸಾಲಿಗೆ ಮೂರರಂತೆ ಜೋಡಿಸಿದಳು. "ಒಂಬತ್ತಾಯ್ತು. ಆ ಚೂರೂ ಸೇರಿದರೆ ನಿಮ್ಮ ಹತ್ತೂಮುಕ್ಕಾಲು. ಇದು ನೆಲ."

"ಅದೇ ತಾನೇ ನಾನು ಹೇಳಿದ್ದು?"

"ಆದರೆ ನೀರು ಟೈಲ್ಸ್ ಥರ ನೆಲಕ್ಕೆ ಅಂಟಿಕೊಂಡಿರಲ್ಲರೀ, ಮೇಲಕ್ಕೂ ಏರುತ್ತೆ. ಎತ್ತರಾನೂ ಒಂದು ಮೀಟರ್." ಅವಳು ಒಂಬತ್ತರ ಮೇಲೆ ಇನ್ನೊಂದು ಒಂಬತ್ತು, ಅದರ ಮೇಲೆ ಮತ್ತೊಂದು ಒಂಬತ್ತು ಇಟ್ಟಳು. "ಎಣಿಸಿ."

ಅವನು ಬೆರಳಿಟ್ಟು ಎಣಿಸಿದ. ಇಪ್ಪತ್ತೇಳು.

"ಮೂರೂ ಕಡೆ ಆ ಚೂರು ಸೇರಿದರೆ ಮೂವತ್ತೈದು ಚಿಲ್ಲರೆ. ನಾಲ್ಕು ಘನ ಮೀಟರಿಗೆ ನೂರ ನಲವತ್ತೊಂದು ಘನ ಅಡಿ. ನಲವತ್ತಮೂರಲ್ಲ. ನಾನು ತಪ್ಪಿದ್ರೆ ಹೇಳಿ..."

ಅವನು ರಟ್ಟನ್ನು ಎತ್ತಿಕೊಂಡು ಮತ್ತೆ ಮೊದಲಿಂದ ನೋಡತೊಡಗಿದ. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಟ್ಯಾಂಕರಿನವನು ಹೆಗಲ ಮೇಲೆ ಪೈಪು ಹೊತ್ತು ಬಂದು, ಟೈಲ್ಸ್ ಕೆಲಸದವನ ಜೊತೆ ತಾರಸಿ ಹತ್ತಿ ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿದ.

"ಅಣ್ಣಾ, ಇದು ನನ್ನ ಗಾಡಿಯನ್ನೇ ನುಂಗಿಬಿಡುತ್ತೆ. ಒಂದು ಘನ ಮೀಟರಿಗೆ ಸಾವಿರ ಲೀಟರ್. ನಾಲ್ಕು ಸಾವಿರ ಹಿಡಿಯುತ್ತೆ."

"ನಾಲ್ಕು ಸಾವಿರ ಕಿಲೋ..." ಟೈಲ್ಸ್ ಕೆಲಸದವನು ಪೈಪಿಗೆ ಕೈ ಅಡ್ಡ ಹಿಡಿದ. "ಪೈಪು ಬಿಡಬೇಡಪ್ಪಾ! ಕೆಳಗೆ ಅಮ್ಮ ಮಲಗಿದ್ದಾಳೆ."

ಏರಿಸಿದ ನಾಲ್ವರನ್ನೇ ಮತ್ತೆ ಕರೆಸಿ ಖಾಲಿ ತೊಟ್ಟಿಯನ್ನು ಇಳಿಸಿ, ಹಿತ್ತಲಿನ ಗಟ್ಟಿ ನೆಲದ ಮೇಲೆ ಕೂರಿಸಿದರು. ಟ್ಯಾಂಕರಿನ ಕೊನೆಯ ಹನಿಯೂ ಅದರಲ್ಲಿ ಇಳಿಯಿತು. ಅಂಚಿನವರೆಗೆ ತುಂಬಿ ನಿಂತ ನೀರನ್ನು ನೋಡಿ ಅವನು ಒಮ್ಮೆ ತಾರಸಿಯತ್ತ ಕಣ್ಣೆತ್ತಿದ, ಉಸಿರು ಬಿಟ್ಟ, ಹೆಂಡತಿಯ ಕಡೆ ತಿರುಗಿ ನಕ್ಕ. ಅವಳಿಗೆ ಆಗ ಅಳು ಬಂತು.

"ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ, ನನ್ನ ಎದೆ ಮೇಲೆ ಟ್ಯಾಂಕರ್ ನಿಲ್ಲಿಸೋಕೆ ಹೊರಟಿದ್ದೆಯಲ್ಲ!" ಎಂದು ಅತ್ತೆ ಮಗನಿಗೆ ಅಂದರು. ಸಂಜೆ ಸೊಸೆ ಪಾತ್ರೆಗೆ ಕೈ ಹಾಕಿದಾಗ ಅವಳ ಕೈಯಿಂದ ಸೋಪು ಕಸಿದುಕೊಂಡರು. "ಬಿಡೇ, ನಾನು ತೊಳೀತೀನಿ. ಕ್ಲಾಸಿಗೆ ಹೊತ್ತಾಯ್ತು, ನಡಿ."

ಅಕ್ಕಂದಿರೇ, ಅಣ್ಣಂದಿರೇ, ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೇಳಿಕೊಳ್ಳಿ: ನಾನು ಹಾಸುವುದನ್ನು ಅಳೆಯುತ್ತಿದ್ದೇನೋ, ತುಂಬುವುದನ್ನೋ? ಹಾಸಲು ಉದ್ದ, ಅಗಲ ಸಾಕು. ತುಂಬಲು ಎತ್ತರವೂ ಬೇಕು. ಚದರಕ್ಕೆ ಹತ್ತೂಮುಕ್ಕಾಲು, ಘನಕ್ಕೆ ಮೂವತ್ತೈದು ಚಿಲ್ಲರೆ. ತಾರಸಿಯ ಮೇಲೆ ತೊಟ್ಟಿ ಇಡುವ ಮೊದಲು ಎಂಜಿನಿಯರನ್ನು ಕೇಳಿ. ಲೆಕ್ಕದಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ, ನನಗೇನು ಗೊತ್ತು ಎಂದು ಅನುಮಾನವನ್ನು ನುಂಗಿಕೊಳ್ಳಬೇಡಿ. ಅಳುಕಿದ್ದರೂ ಸರಿ, ಬ್ಲಾಕು ಜೋಡಿಸಿ ತೋರಿಸಿ.